ಮಧುಮೇಹ: ಗುರಿಯು ದೇಹಕ್ಕೆ ತಕ್ಕಂತಿರಲಿ

ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಕಣ್ಣು ಮೊದಲು ಹುಡುಕುವುದು ಎರಡು ಅಂಕಿಗಳನ್ನು. ಒಂದು ನಮ್ಮದು, ಇನ್ನೊಂದು ಅದರ ಪಕ್ಕದಲ್ಲಿ ‘ಸಾಮಾನ್ಯ’ ಎಂದು ಮುದ್ರಿತವಾಗಿರುವುದು. ಇವೆರಡರ ಅಂತರ ಕಂಡು ಕಂಗೆಡುವವರು ಬಹಳ. ಎಪ್ಪತ್ತು ದಾಟಿದ, ಹದಿನೈದು ವರ್ಷಗಳಿಂದ ಮಧುಮೇಹವಿರುವ ಹಿರಿಯರು ಕೂಡ ಬೆಳಗಿನ ಸಕ್ಕರೆ 128 ಬಂದಿತೆಂದು ರಾತ್ರಿಯ ಊಟವನ್ನೇ ಬಿಡುವುದುಂಟು. ಮತ್ತೆ ಕೆಲವರು, ‘ಹೇಗೂ ಸಾಮಾನ್ಯಕ್ಕೆ ಬರುವುದಿಲ್ಲ, ನೋಡಿ ಮಾಡುವುದೇನು’ ಎಂದು ಪರೀಕ್ಷೆಯನ್ನೂ ಔಷಧವನ್ನೂ ಕೈಬಿಡುತ್ತಾರೆ. ಮೇಲ್ನೋಟಕ್ಕೆ ಇವರಿಬ್ಬರೂ ಪರಸ್ಪರ ವಿರುದ್ಧ ದಾರಿಯವರು. ಆದರೆ ಇಬ್ಬರ ತೊಂದರೆಯ ಮೂಲ ಒಂದೇ: ತಮಗೆ ತಕ್ಕ ಗುರಿ ಯಾವುದೆಂಬುದು ತಿಳಿದಿಲ್ಲ.

ವರದಿಯಲ್ಲಿ ಅಚ್ಚಾಗಿರುವ ‘ಸಾಮಾನ್ಯ’ವು ಮಧುಮೇಹವಿಲ್ಲದವರ ಅಳತೆ. ಖಾಲಿಹೊಟ್ಟೆಯಲ್ಲಿ 100 ಮಿಲಿಗ್ರಾಂಗಿಂತ ಕಡಿಮೆ, ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ಕ್ಕಿಂತ ಕಡಿಮೆ ಎಂಬ ಅಂಕಿಗಳು ಸಕ್ಕರೆ ಸಾಮಾನ್ಯವಾಗಿದೆಯೋ ಇಲ್ಲವೋ ಎಂದು ಗುರುತಿಸುವ ಗೆರೆಗಳು. ಈಗಾಗಲೇ ಮಧುಮೇಹವಿರುವವರಿಗೆ ವಿಧಿಸಿದ ಗುರಿಗಳು ಅವಲ್ಲ. ಗುರಿಯು ವಯಸ್ಸು, ದೇಹಬಲ, ಇತರ ಕಾಯಿಲೆಗಳು, ಸೇವಿಸುವ ಔಷಧ, ಮಾಡುವ ಕಾಯಕ ಮತ್ತು ಮನೆಯ ಪರಿಸ್ಥಿತಿ ಇವೆಲ್ಲವನ್ನೂ ನೋಡಿ ಒಬ್ಬೊಬ್ಬರಿಗೂ ಬೇರೆಯಾಗಿ ನಿಶ್ಚಯವಾಗಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಇದು ಕೆಲವೇ ಮಂದಿಯ ಸಮಸ್ಯೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನವು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹೆಬ್ಬಾಳ, ಜಕ್ಕೂರು ಕೆರೆಗಳ ದಂಡೆಯಲ್ಲಿ ಮುಂಜಾನೆ ನಡೆಯುವವರ ಮಾತಿಗೆ ಕಿವಿಗೊಟ್ಟರೆ ಸಾಕು, ‘ನಿಮ್ಮದೆಷ್ಟು, ನಮ್ಮದಿಷ್ಟು’ ಎಂಬ ಲೆಕ್ಕಾಚಾರ ಕೇಳಿಬರುತ್ತದೆ. ನಡಿಗೆ ಒಳ್ಳೆಯದೇ; ಆದರೆ ಒಬ್ಬರ ಅಂಕಿಗೆ ಇನ್ನೊಬ್ಬರ ಅಂಕಿಯನ್ನು ಹೋಲಿಸುವುದು ಒಬ್ಬರ ಕನ್ನಡಕವನ್ನು ಇನ್ನೊಬ್ಬರು ಧರಿಸಿದಂತೆ.

ಶಾಸ್ತ್ರದ ದೃಷ್ಟಿ

ಆಯುರ್ವೇದವು ಪ್ರಮೇಹವನ್ನು ಇಪ್ಪತ್ತು ವಿಧವಾಗಿ ವಿಂಗಡಿಸಿದೆ. ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಮೊದಲನೆಯವು ಸಾಧ್ಯ, ಎರಡನೆಯವು ಯಾಪ್ಯ, ಮೂರನೆಯವು ಅಸಾಧ್ಯ ಎಂದು ಹೇಳಿ, ಮಧುಮೇಹವನ್ನು ವಾತದ ಗುಂಪಿನಲ್ಲಿ ಇರಿಸಿದೆ. ಇಂದಿನ ಡಯಾಬಿಟಿಸ್ ಮತ್ತು ಅಂದಿನ ಪ್ರಮೇಹ ಎರಡೂ ಅಕ್ಷರಶಃ ಒಂದೇ ಎನ್ನಲಾಗದು. ಆದರೂ ‘ಯಾಪ್ಯ’ ಎಂಬ ಮಾತು ನಮಗೆ ಬಹಳ ಉಪಯುಕ್ತ. ಪಥ್ಯ ಮತ್ತು ಔಷಧಗಳು ನಡೆದಿರುವವರೆಗೆ ಹಿಡಿತದಲ್ಲಿದ್ದು, ಬಿಟ್ಟೊಡನೆ ಮರಳುವ ವ್ಯಾಧಿಯೇ ಯಾಪ್ಯ. ಇಂಥ ವ್ಯಾಧಿಯಲ್ಲಿ ವೈದ್ಯನ ಗುರಿಯು ರೋಗವನ್ನು ಬೇರುಸಹಿತ ಕೀಳುವುದಲ್ಲ. ರೋಗಿಯು ಅಂಗಾಂಗಗಳ ಹಾನಿಯಿಲ್ಲದೆ, ನೆಮ್ಮದಿಯಿಂದ, ದೀರ್ಘಕಾಲ ಬಾಳುವಂತೆ ಮಾಡುವುದು.

ಚರಕಾಚಾರ್ಯರು ಪ್ರಮೇಹಿಗಳಲ್ಲಿ ಸ್ಥೂಲ ಮತ್ತು ಬಲಶಾಲಿಗಳನ್ನು ಒಂದು ಬಗೆಯಾಗಿ, ಕೃಶ ಮತ್ತು ದುರ್ಬಲರನ್ನು ಮತ್ತೊಂದು ಬಗೆಯಾಗಿ ಕಾಣುತ್ತಾರೆ. ಮೊದಲನೆಯವರಿಗೆ ದೇಹವನ್ನು ಹಗುರಗೊಳಿಸುವ ಶೋಧನ. ಎರಡನೆಯವರಿಗೆ ಪೋಷಣೆ ನೀಡುವ ಬೃಂಹಣ. ಅದೇ ಕಾಯಿಲೆ, ಆದರೆ ಚಿಕಿತ್ಸೆಯ ದಿಕ್ಕೇ ಬೇರೆ. ಚರಕಸಂಹಿತೆಯ ವಿಮಾನಸ್ಥಾನವು ಹೇಳುವ ದಶವಿಧ ಪರೀಕ್ಷೆಯಲ್ಲಿ ಪ್ರಕೃತಿ, ಸಾತ್ಮ್ಯ, ಸತ್ತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು ಎಲ್ಲವೂ ಸೇರಿವೆ. ರೋಗವನ್ನಷ್ಟೇ ನೋಡದೆ ರೋಗಿಯನ್ನು ನೋಡಬೇಕೆಂಬುದು ಅದರ ತಾತ್ಪರ್ಯ. ಇಂದಿನ ಅಂಕಿಗಳನ್ನೂ ಇದೇ ಕಣ್ಣಿನಿಂದ ಓದಬೇಕು.

ಆಧುನಿಕ ಅಧ್ಯಯನಗಳು ಕಲಿಸಿದ್ದು

ಆಧುನಿಕ ವೈದ್ಯಶಾಸ್ತ್ರವೂ ತನ್ನದೇ ದಾರಿಯಲ್ಲಿ ಇದೇ ನಿಲುವಿಗೆ ಬಂದು ತಲುಪಿದೆ. ಬ್ರಿಟನ್ನಿನಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾದವರನ್ನು ಸುಮಾರು ಹತ್ತು ವರ್ಷ ಗಮನಿಸಿದ ಯುಕೆಪಿಡಿಎಸ್ ಎಂಬ ಅಧ್ಯಯನದ ಫಲಿತಾಂಶ 1998ರಲ್ಲಿ ಹೊರಬಂತು. ಎಚ್‌ಬಿಎ1ಸಿ 7.9ರಷ್ಟಿದ್ದ ಗುಂಪಿಗಿಂತ, ಬಿಗಿಯಾದ ಚಿಕಿತ್ಸೆಯಿಂದ 7ರಷ್ಟಿದ್ದ ಗುಂಪಿನಲ್ಲಿ ಕಣ್ಣು, ಮೂತ್ರಪಿಂಡ ಮುಂತಾದ ಸೂಕ್ಷ್ಮ ರಕ್ತನಾಳಗಳ ತೊಂದರೆ ಶೇಕಡ 25ರಷ್ಟು ಕಡಿಮೆಯಾಗಿತ್ತು. ಆದುದರಿಂದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ವ್ಯರ್ಥವೆಂದು ಯಾರೂ ಭಾವಿಸಬಾರದು.

ಹಾಗಾದರೆ ಇನ್ನೂ ಕೆಳಗಿಳಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ಹುಡುಕಿದ್ದು ಅಮೆರಿಕ ಮತ್ತು ಕೆನಡಾಗಳಲ್ಲಿ 10,251 ಮಧುಮೇಹಿಗಳ ಮೇಲೆ ನಡೆದ ಅಕಾರ್ಡ್ ಅಧ್ಯಯನ. ಅವರ ಸರಾಸರಿ ವಯಸ್ಸು 62. ಹೃದ್ರೋಗವಿದ್ದವರು ಅಥವಾ ಅದರ ಅಪಾಯ ಹೆಚ್ಚಿದ್ದವರು. ಅರ್ಧದಷ್ಟು ಜನರಿಗೆ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸುವ ಗುರಿ. ಉಳಿದವರಿಗೆ 7ರಿಂದ 7.9ರ ಗುರಿ. ಬಿಗಿ ಗುಂಪಿನಲ್ಲಿ 257 ಮಂದಿಯೂ ಸಡಿಲ ಗುಂಪಿನಲ್ಲಿ 203 ಮಂದಿಯೂ ತೀರಿಕೊಂಡದ್ದರಿಂದ 2008ರ ಫೆಬ್ರುವರಿಯಲ್ಲಿ ಆ ಬಿಗಿ ಚಿಕಿತ್ಸೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಕಾಯಿಲೆ ಹೊಸದಾಗಿದ್ದಾಗ, ದೇಹದಲ್ಲಿ ಕಸುವಿದ್ದಾಗ ಬಿಗಿ ಹತೋಟಿ ಲಾಭಕರ. ವಯಸ್ಸಾಗಿ, ಹೃದಯ ಸೋತ ಮೇಲೆ ಅದೇ ಬಿಗಿ ಅಪಾಯಕಾರಿಯಾಗಬಹುದು. ಈ ಎರಡು ಅಧ್ಯಯನಗಳನ್ನು ಜೊತೆಯಲ್ಲಿಟ್ಟು ಓದಿದಾಗ ದೊರೆಯುವ ಪಾಠ ಇದು.

ಯಾರಿಗೆ ಎಷ್ಟು?

ಬಹುಪಾಲು ವಯಸ್ಕ ಮಧುಮೇಹಿಗಳಿಗೆ ಇಂದು ಒಪ್ಪಿತವಾಗಿರುವ ಗುರಿ ಹೀಗಿದೆ: ಖಾಲಿಹೊಟ್ಟೆಯಲ್ಲಿ 80ರಿಂದ 130, ಊಟವಾದ ಎರಡು ಗಂಟೆಯ ಹೊತ್ತಿಗೆ 180ಕ್ಕಿಂತ ಕಡಿಮೆ, ಎಚ್‌ಬಿಎ1ಸಿ 7ಕ್ಕಿಂತ ಕಡಿಮೆ. ಎಚ್‌ಬಿಎ1ಸಿ 7 ಎಂದರೆ ದಿನವಿಡೀ ಸರಾಸರಿ 154ರಷ್ಟು ಸಕ್ಕರೆ ಎಂದರ್ಥ. 8 ಎಂದರೆ 183. ಆರಂಭದಲ್ಲಿ ಹೇಳಿದ ಹಿರಿಯರ 128 ಈ ಸಾಮಾನ್ಯ ಗುರಿಯೊಳಗೇ ಇದೆ. ಅವರು ಊಟ ಬಿಡಬೇಕಾದ ಕಾರಣವೇ ಇಲ್ಲ.

ಇನ್ನು ನಮ್ಮ ಸುತ್ತಲಿನವರನ್ನೇ ನೋಡೋಣ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ದಿನವಿಡೀ ಕುಳಿತು ದುಡಿಯುವ, ಕಳೆದ ವರ್ಷವಷ್ಟೇ ಮಧುಮೇಹ ಪತ್ತೆಯಾದ ಮೂವತ್ತೆಂಟರ ಯುವಕನ ಮುಂದೆ ಇನ್ನೂ ನಾಲ್ಕು ದಶಕಗಳ ಬಾಳಿದೆ. ಅವನ ಕಣ್ಣು, ಮೂತ್ರಪಿಂಡ, ನರಗಳು ಅಷ್ಟೂ ಕಾಲ ಬಾಳಬೇಕು. ಸಕ್ಕರೆ ತೀರಾ ಕುಸಿಯದಂತೆ ಸಾಧ್ಯವಾಗುವುದಾದರೆ ಅವನಿಗೆ 6.5ರ ಗುರಿಯೂ ಉಚಿತ. ‘ಸ್ವಲ್ಪ ಮೇಲಿದ್ದರೇನಂತೆ’ ಎಂಬ ಸಡಿಲಿಕೆ ಅವನಿಗೆ ಸಲ್ಲದು.

ಯಲಹಂಕದ ಗಾಲಿ ಕಾರ್ಖಾನೆಯಿಂದ ನಿವೃತ್ತರಾಗಿ, ಬೇರೆ ಕಾಯಿಲೆಗಳಿಲ್ಲದೆ ಚಟುವಟಿಕೆಯಿಂದಿರುವ ಅರವತ್ತೇಳರ ಹಿರಿಯರಿಗೆ 7ರಿಂದ 7.5ರ ಆಸುಪಾಸು ಸಾಕು. ಮಕ್ಕಳು ಪರದೇಶದಲ್ಲಿದ್ದು, ಆರ್.ಟಿ. ನಗರದ ಮನೆಯಲ್ಲಿ ಒಬ್ಬರೇ ಇರುವ, ಹೃದಯಕ್ಕೂ ಮೂತ್ರಪಿಂಡಕ್ಕೂ ಔಷಧ ಸೇವಿಸುವ ಎಂಬತ್ತರ ತಾಯಿಗೆ 8ರಷ್ಟಿದ್ದರೂ ಚಿಂತೆಯಿಲ್ಲ. ಬೆಳಗಿನ ಸಕ್ಕರೆ 90ರಿಂದ 150ರ ನಡುವೆ ಇದ್ದರೆ ಅದು ಒಳ್ಳೆಯ ಹತೋಟಿಯೇ. ರಾತ್ರಿ ಸಕ್ಕರೆ ಕುಸಿದು ಅವರು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಂಡರೆ, 6.5 ಎಂಬ ಅಂಕಿಯಿಂದ ಯಾರಿಗೆ ಏನು ಲಾಭ?

ಕಾಯಕವೂ ಲೆಕ್ಕಕ್ಕೆ ಬರಬೇಕು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಶ್ರಮಿಕನ ದೇಹವು ದುಡಿಮೆಯಲ್ಲೇ ಸಕ್ಕರೆಯನ್ನು ಸುಡುತ್ತದೆ. ಬೆಳಗ್ಗೆ ಮಾತ್ರೆ ನುಂಗಿ, ತಿಂಡಿಯನ್ನು ಹನ್ನೊಂದಕ್ಕೆ ಮುಂದೂಡಿದರೆ ಅವನು ಮೂಟೆಯೊಡನೆಯೇ ಕುಸಿಯಬಹುದು. ಬಸ್ಸು, ಲಾರಿ, ಆಟೋ ಓಡಿಸುವವರು ಇನ್ಸುಲಿನ್ ಅಥವಾ ಸಕ್ಕರೆ ಕುಸಿಸಬಲ್ಲ ಮಾತ್ರೆಗಳನ್ನು ಸೇವಿಸುತ್ತಿದ್ದರೆ ಗಾಡಿ ಹತ್ತುವ ಮುನ್ನ ಸಕ್ಕರೆ ನೋಡಿಕೊಳ್ಳಬೇಕು. 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಮೇಲೇರಿದ್ದನ್ನು ಖಚಿತಪಡಿಸಿಕೊಂಡೇ ಹೊರಡಬೇಕು. ಗರ್ಭಿಣಿಯರ ಗುರಿಗಳು ಇವೆಲ್ಲಕ್ಕಿಂತ ಬೇರೆ ಮತ್ತು ಬಿಗಿಯಾದವು. ಅವರು ತಮ್ಮ ಪ್ರಸೂತಿ ತಜ್ಞರ ಮಾತನ್ನೇ ಅನುಸರಿಸತಕ್ಕದ್ದು.

ಇಳಿಯುವ ಸಕ್ಕರೆಯ ಅಪಾಯ

ಏರಿದ ಸಕ್ಕರೆಗೆ ಅಂಜುವ ನಮ್ಮ ಜನ, ಇಳಿದ ಸಕ್ಕರೆಗೆ ಸಾಕಷ್ಟು ಅಂಜುವುದಿಲ್ಲ. 70ಕ್ಕಿಂತ ಕೆಳಗಿಳಿದರೆ ಎಚ್ಚರ. 54ಕ್ಕಿಂತ ಕೆಳಗಿಳಿದರೆ ಗಂಡಾಂತರ. ಕೈನಡುಕ, ಬೆವರು, ಎದೆಬಡಿತ, ತಡೆಯಲಾಗದ ಹಸಿವು, ಮಂಕು ಇವು ಲಕ್ಷಣಗಳು. ವೃದ್ಧರಲ್ಲಿ ನಡುಕ, ಬೆವರು ಕಾಣದೆ ಬರಿಯ ಗೊಂದಲ, ತೊದಲು ಮಾತು, ಸಿಡುಕು ಕಾಣಿಸಬಹುದು. ‘ವಯಸ್ಸಾಯಿತು, ಅರಳು ಮರಳು’ ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ.

ಇನ್ಸುಲಿನ್ ಹಾಗೂ ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳಿಂದ ಹೀಗಾಗುವ ಸಂಭವ ಹೆಚ್ಚು. ಮೂತ್ರಪಿಂಡದ ಶಕ್ತಿ ಕುಂದಿದವರಲ್ಲಿ ಇನ್ನೂ ಹೆಚ್ಚು. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ವಿರಳ. ಇವುಗಳ ಜೊತೆಗೆ ಹೇಳದೆ ಕೇಳದೆ ಮಧುನಾಶಿನಿ, ಮೆಂತ್ಯದ ಪುಡಿ, ಹಾಗಲಕಾಯಿಯ ರಸಗಳನ್ನು ಸೇರಿಸಿದರೂ ಸಕ್ಕರೆ ಅಳತೆ ಮೀರಿ ಇಳಿಯಬಹುದು. ಆಯುರ್ವೇದ ವೈದ್ಯರಾಗಿಯೇ ನಾವು ಹೇಳುವುದಿಷ್ಟು: ಮೂಲಿಕೆಯೂ ಔಷಧವೇ, ಅದಕ್ಕೂ ಮಾತ್ರೆಯೆಂಬುದಿದೆ. ಏನೆಲ್ಲ ಸೇವಿಸುತ್ತಿದ್ದೀರಿ ಎಂಬುದನ್ನು ಇಬ್ಬರು ವೈದ್ಯರಿಗೂ ಮುಚ್ಚುಮರೆಯಿಲ್ಲದೆ ತಿಳಿಸಿರಿ.

ಸಕ್ಕರೆ ಕುಸಿದಾಗ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಏರಿದ ಬಳಿಕ ಊಟವನ್ನೋ ತಿಂಡಿಯನ್ನೋ ಮಾಡಬೇಕು. ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆಗಳನ್ನು ಸೇವಿಸುವವರಿಗೆ ಸಕ್ಕರೆ ಬೇಗ ಹಿಡಿಯದು, ಗ್ಲೂಕೋಸ್ ಪುಡಿಯೇ ಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ ತಕ್ಷಣ 108ಕ್ಕೆ ಕರೆ ಮಾಡಿರಿ.

ಪೂಜೆ, ಪ್ರಸಾದ, ಉಪವಾಸ

ನಮ್ಮಲ್ಲಿ ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಅನ್ನವಿಲ್ಲ. ಇದು ಒಳ್ಳೆಯ ಶಿಸ್ತು. ಆದರೆ ಇನ್ಸುಲಿನ್ ಚುಚ್ಚಿಕೊಂಡೋ ಮಾತ್ರೆ ನುಂಗಿಯೋ ಆಮೇಲೆ ಒಂದು ಗಂಟೆ ಪೂಜೆಗೆ ಕುಳಿತರೆ ಅಪಾಯ. ಪೂಜೆ ಮೊದಲು, ಅನಂತರ ಔಷಧ, ಅದರ ಬೆನ್ನಿಗೇ ಪ್ರಸಾದ ಎಂಬ ಕ್ರಮವನ್ನು ವೈದ್ಯರೊಡನೆ ಮಾತನಾಡಿ ಇಟ್ಟುಕೊಳ್ಳಿರಿ. ಶಿವರಾತ್ರಿಯ ಹಾಗೂ ಶ್ರಾವಣ ಸೋಮವಾರಗಳ ಉಪವಾಸದಂದು ಎಂದಿನ ಪ್ರಮಾಣದ ಔಷಧವನ್ನು ಹಾಗೆಯೇ ತೆಗೆದುಕೊಳ್ಳುವುದೂ ತಪ್ಪು, ತಾವಾಗಿಯೇ ಬಿಡುವುದೂ ತಪ್ಪು. ಒಂದು ವಾರ ಮುಂಚೆಯೇ ಕೇಳಿಕೊಳ್ಳಬೇಕು. ಇನ್ನು ಫಲಾಹಾರವೆಂದು ಸಬ್ಬಕ್ಕಿ, ಬಾಳೆಹಣ್ಣು, ಆಲೂಗಡ್ಡೆಗಳನ್ನು ಹೊಟ್ಟೆ ತುಂಬ ತಿಂದರೆ ಸಕ್ಕರೆಯ ಪಾಲಿಗೆ ಅದು ಉಪವಾಸವಲ್ಲ. ದೇಹಬಲವಿಲ್ಲದವರು ಉಪವಾಸ ಮಾಡದಿದ್ದರೆ ಭಕ್ತಿಗೆ ಕುಂದಿಲ್ಲವೆಂಬುದು ನಮ್ಮ ನಂಬಿಕೆ.

ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ಮೊದಲು ಕೋಸಂಬರಿ, ಪಲ್ಯಗಳನ್ನು ಉಂಡು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಪಾಯಸವನ್ನು ಪ್ರಸಾದದ ಭಾವದಿಂದ ಒಂದು ಚಮಚ ಸ್ವೀಕರಿಸಿದರೂ ಅದು ಪ್ರಸಾದವೇ. ರಾಗಿಯ ವಿಷಯದಲ್ಲೂ ಒಂದು ಮಾತು. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ನೆರೆಯಲ್ಲಿರುವ ನಮಗೆ ರಾಗಿಯ ಹಿರಿಮೆಯನ್ನು ಹೇಳಬೇಕಾಗಿಲ್ಲ. ಆದರೆ ರಾಗಿಯಲ್ಲೂ ಪಿಷ್ಟವಿದೆ. ಸೊಪ್ಪಿನ ಸಾರಿನೊಡನೆ ಒಂದು ಮಧ್ಯಮ ಗಾತ್ರದ ಮುದ್ದೆ ಹಿತ. ಸಕ್ಕರೆಗೆ ಒಳ್ಳೆಯದೆಂದು ಎರಡು ದೊಡ್ಡ ಮುದ್ದೆ ಉಂಡರೆ, ನುಣ್ಣನೆಯ ಹಿಟ್ಟಿನ ಗಂಜಿಯನ್ನು ಲೋಟಗಟ್ಟಲೆ ಕುಡಿದರೆ ಸಕ್ಕರೆ ಏರಿಯೇ ಏರುತ್ತದೆ.

‘ಬೇರುಸಹಿತ ಗುಣ’ದ ಆಮಿಷ

ತಕ್ಕ ಗುರಿಯ ಅರಿವಿಲ್ಲದವರನ್ನು ಸುಲಭವಾಗಿ ಸೆಳೆಯುವುದು ‘ತೊಂಬತ್ತು ದಿನಗಳಲ್ಲಿ ಸಂಪೂರ್ಣ ಗುಣ, ಮಾತ್ರೆ ಬಿಡಿ’ ಎಂಬ ಪ್ರಕಟಣೆಗಳು. ಮಧುಮೇಹವನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರಷ್ಟು ಹಿಂದೆಯೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯು ನಿಷೇಧಿಸಿದೆ. ಹೆಸರು ವಿಳಾಸವಿಲ್ಲದ ಕೆಲವು ‘ಗಿಡಮೂಲಿಕೆ’ ಪುಡಿಗಳಲ್ಲಿ ಅಲೋಪತಿ ಮಾತ್ರೆಗಳ ಪುಡಿ ಬೆರೆತಿರುವುದು ಪರೀಕ್ಷೆಗಳಲ್ಲಿ ಪತ್ತೆಯಾದದ್ದೂ ಉಂಟು. ಇಂಥವುಗಳಿಂದ ಆಯುರ್ವೇದಕ್ಕೂ ಕೆಟ್ಟ ಹೆಸರು, ರೋಗಿಗೂ ಹಾನಿ. ಒಂದನೆಯ ವಿಧದ ಮಧುಮೇಹವಿರುವ ಮಕ್ಕಳಿಗಂತೂ ಇನ್ಸುಲಿನ್ನೇ ಪ್ರಾಣ. ಯಾವ ಕಷಾಯವನ್ನು ನಂಬಿಯೂ ಅದನ್ನು ನಿಲ್ಲಿಸಕೂಡದು.

ಹೊಸದಾಗಿ ಎರಡನೆಯ ವಿಧದ ಮಧುಮೇಹ ಕಾಣಿಸಿಕೊಂಡ ಸ್ಥೂಲಕಾಯರು ತೂಕವನ್ನು ಗಣನೀಯವಾಗಿ ಇಳಿಸಿದಾಗ, ಔಷಧವಿಲ್ಲದೆಯೇ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ನಿಲ್ಲುವುದುಂಟು ಎಂಬುದನ್ನೂ ಒಪ್ಪಬೇಕು. ಅದು ಸಂತೋಷದ ಸಂಗತಿ. ಆದರೆ ಅದು ರೋಗದ ಉಪಶಮನವೇ ಹೊರತು ಅಂತ್ಯವಲ್ಲ. ತೂಕ ಮರಳಿದರೆ ಸಕ್ಕರೆಯೂ ಮರಳುತ್ತದೆ. ಇಪ್ಪತ್ತು ವರ್ಷಗಳಿಂದ ಇನ್ಸುಲಿನ್ ಮೇಲಿರುವ ಕೃಶಕಾಯರು ಅದನ್ನೇ ತಮ್ಮ ಗುರಿಯಾಗಿ ಇಟ್ಟುಕೊಳ್ಳುವುದು ತರವಲ್ಲ.

ಮೆಟ್ಟಿಲು ಮೆಟ್ಟಿಲಾಗಿ

ಗುರಿಯನ್ನು ಸಡಿಲಿಸಿದರೆ ರೋಗಿ ಅಲಕ್ಷ್ಯ ಮಾಡುತ್ತಾನೆ ಎಂದು ಕೆಲವು ವೈದ್ಯಮಿತ್ರರು ಆಕ್ಷೇಪಿಸುವುದುಂಟು. ನಮ್ಮ ಅನುಭವ ಬೇರೆ. ಎಟುಕದ ಗುರಿಯೇ ಜನರನ್ನು ಅಲಕ್ಷ್ಯಕ್ಕೆ ದೂಡುತ್ತದೆ. ಎಚ್‌ಬಿಎ1ಸಿ 10.5 ಇರುವವರಿಗೆ ‘ಆರಕ್ಕೆ ತನ್ನಿ’ ಎನ್ನುವ ಬದಲು ಮೂರು ತಿಂಗಳಲ್ಲಿ 9, ಮುಂದಿನ ಮೂರು ತಿಂಗಳಲ್ಲಿ 8 ಎಂದು ಹೇಳಿದರೆ ಅವರು ಗೆಲುವಿನ ರುಚಿ ಕಾಣುತ್ತಾರೆ. ಬಹುಕಾಲ ಏರಿದ್ದ ಸಕ್ಕರೆಯನ್ನು ಏಕಾಏಕಿ ಇಳಿಸಿದರೆ ಮೊದಲೇ ಹಾನಿಗೊಂಡ ಕಣ್ಣಿನ ಅಕ್ಷಿಪಟಲ ಕೆಲಕಾಲ ಇನ್ನಷ್ಟು ಕೆಡುವ ಸಂಭವವೂ ಇದೆ. ಆದ್ದರಿಂದ ಅಂಥವರು ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಸಡಿಲಿಕೆಗೂ ಮಿತಿಯುಂಟು. ಸಕ್ಕರೆ 250ರ ಮೇಲೆಯೇ ನಿಂತು, ಅತಿಯಾದ ದಾಹ, ಪದೇ ಪದೇ ಮೂತ್ರ, ವಾಂತಿ, ನಿತ್ರಾಣಗಳಿದ್ದರೆ ಯಾವ ವಯಸ್ಸಿನವರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಯಂತ್ರದ ಅಂಕಿಗೂ ಒಂದು ಮಿತಿಯಿದೆ. ಮನೆಯ ಗ್ಲುಕೋಮೀಟರಿಗೆ ಶೇಕಡ 15ರಷ್ಟು ವ್ಯತ್ಯಾಸಕ್ಕೆ ಅವಕಾಶವುಂಟು. ಅದು 140 ತೋರಿದರೆ ನಿಜವಾದುದು 120ರಿಂದ 160ರ ನಡುವೆ ಎಲ್ಲಿಯೂ ಇರಬಹುದು. ನಿನ್ನೆಗಿಂತ ಹತ್ತು ಹೆಚ್ಚಾಯಿತೆಂದು ನಿದ್ದೆಗೆಡಬೇಕಾಗಿಲ್ಲ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆಯುಳ್ಳವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು; ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಕಡಿಮೆಯಾಗಿ ಕಾಣಬಹುದು. ಅಂಕಿಯನ್ನು ಓದುವಾಗ ಇದೂ ನೆನಪಿರಲಿ.

ಭಕ್ತಾದಿಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಮುಂದಿನ ಬಾರಿ ವೈದ್ಯರ ಬಳಿ ಹೋದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ನನ್ನ ಖಾಲಿಹೊಟ್ಟೆಯ ಗುರಿ ಎಷ್ಟು? ಊಟದ ನಂತರದ್ದು ಎಷ್ಟು? ಎಚ್‌ಬಿಎ1ಸಿ ಎಷ್ಟಿರಬೇಕು? ಎಷ್ಟಕ್ಕಿಂತ ಕೆಳಗಿಳಿದರೆ ತಮಗೆ ತಿಳಿಸಬೇಕು? ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಮನೆಯವರಿಗೂ ತೋರಿಸಿರಿ. ವರ್ಷಕ್ಕೊಮ್ಮೆ ಈ ಗುರಿಗಳನ್ನು ಮರುಪರಿಶೀಲಿಸುವಂತೆ ಕೇಳಿಕೊಳ್ಳಿರಿ, ಏಕೆಂದರೆ ದೇಹ ಬದಲಾದಂತೆ ಗುರಿಯೂ ಬದಲಾಗಬೇಕು. ರಕ್ತದೊತ್ತಡ, ಕೊಲೆಸ್ಟ್ರಾಲ್, ಕಣ್ಣು, ಮೂತ್ರಪಿಂಡ ಮತ್ತು ಪಾದಗಳ ಪರೀಕ್ಷೆಯನ್ನು ಮರೆಯದಿರಿ, ಸಕ್ಕರೆಯೊಂದೇ ಮಧುಮೇಹವಲ್ಲ. ಖರ್ಚಿಗೆ ಅಂಜುವವರು ಸಮೀಪದ ‘ನಮ್ಮ ಕ್ಲಿನಿಕ್’ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬಹುದು.

ದೇಹವು ಕಾಯಕಕ್ಕೂ ಪೂಜೆಗೂ ದಾಸೋಹಕ್ಕೂ ಬೇಕಾದ ಸಾಧನ. ಅದನ್ನು ಅಲಕ್ಷಿಸುವುದು ಎಷ್ಟು ತಪ್ಪೋ, ಒಂದು ಅಂಕಿಗಾಗಿ ಅದನ್ನು ದಂಡಿಸುವುದೂ ಅಷ್ಟೇ ತಪ್ಪು. ತಮ್ಮ ಗುರಿಯನ್ನು ತಾವು ಅರಿತು ನಡೆಯುವ ಮಧುಮೇಹಿಯು ಎಂಬತ್ತರಲ್ಲೂ ತನ್ನ ಕಾಲ ಮೇಲೆ ನಡೆದು ಮಠದ ಮೆಟ್ಟಿಲು ಏರಬಲ್ಲನು.